ಭಾಗವತರು ಮೇಳ ಬದಲಿಸಿದಾಗ



ಕಾಲ್ಚೆಂಡು ಆಟದ ಅಭಿಮಾನಿಗಳನ್ನು ಕಾಡುವ ಒಂದು ವಿಚಿತ್ರ ಭಯವಿದೆ. ತಂಡ ಸೋಲುತ್ತಿರುವಾಗ ಇರುವ ಭಯವಲ್ಲ ಅದು. ಗೆಲ್ಲುತ್ತಿರುವಾಗ ಹುಟ್ಟುವ ಭಯ. ತಂಡವನ್ನು ಮೇಲೆತ್ತಿದ ತರಬೇತುದಾರನ ಮೇಲೆ ಎದುರಾಳಿ ಕ್ಲಬ್ಬಿನ ಕಣ್ಣು ಬಿದ್ದಿದೆಯಂತೆ, ಹೆಚ್ಚಿನ ಸಂಬಳದ ಮಾತು ನಡೆದಿದೆಯಂತೆ ಎಂಬ ಸುದ್ದಿ ಹಬ್ಬುತ್ತದೆ. ನಿನ್ನೆ ಗೆದ್ದ ಪಂದ್ಯದ ಸಂತೋಷ ಇಂದು ಅರ್ಧವಾಗುತ್ತದೆ. ಯಶಸ್ಸೇ ಕಳವಳಕ್ಕೆ ಕಾರಣವಾಗುವುದೆಂದರೆ ಹೀಗೆ.

ಈ ಭಯ ಕಾಲ್ಚೆಂಡಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ಮಂಗಳೂರಿನ ಸುತ್ತಮುತ್ತಲಿನ ಜನ ಇದನ್ನು ತಲೆಮಾರುಗಳಿಂದ ಬಲ್ಲರು. ಅವರ ಪಾಲಿಗೆ ಕ್ಲಬ್ಬು ಎಂದರೆ ಯಕ್ಷಗಾನ ಮೇಳ. ತರಬೇತುದಾರ ಎಂದರೆ ಭಾಗವತ. ಮೇಳದ ಪ್ರಧಾನ ಭಾಗವತರು ಮುಂದಿನ ತಿರುಗಾಟಕ್ಕೆ ಇದೇ ಮೇಳದಲ್ಲಿ ಇರುವರೋ, ಬೇರೆ ಮೇಳಕ್ಕೆ ಹೋಗುವರೋ ಎಂಬ ಪ್ರಶ್ನೆ ಕರಾವಳಿಯ ಮಳೆಗಾಲದ ಮಾತುಕತೆಗಳಲ್ಲಿ ಎಂದೂ ಹಳತಾಗಿಲ್ಲ. ಈ ಪ್ರಶ್ನೆಯ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲನೆಯ ವೇಷಧಾರಿ

ಭಾಗವತನೇ ಮೊದಲನೆಯ ವೇಷಧಾರಿ ಎಂಬ ಮಾತು ಯಕ್ಷಗಾನ ವಲಯದಲ್ಲಿ ಬಳಕೆಯಲ್ಲಿದೆ. ಆತ ಕಿರೀಟ ಕಟ್ಟುವುದಿಲ್ಲ, ಗೆಜ್ಜೆ ಕಟ್ಟುವುದಿಲ್ಲ. ರಂಗಸ್ಥಳದಲ್ಲಿ ಜಾಗಟೆ ಹಿಡಿದು ಕುಳಿತು ಹಾಡುತ್ತಾನೆ. ಆದರೆ ಇಡೀ ಆಟ ಆತನ ಕೈಯಲ್ಲಿರುತ್ತದೆ. ಪ್ರಸಂಗದ ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ತಾಳದಲ್ಲಿ ಎಷ್ಟು ವೇಗದಲ್ಲಿ ಹಾಡಬೇಕು, ಯಾವ ವೇಷಕ್ಕೆ ಕುಣಿಯಲು ಎಷ್ಟು ಅವಕಾಶ ಕೊಡಬೇಕು, ಮಾತು ಉದ್ದವಾದರೆ ಎಲ್ಲಿ ಜಾಗಟೆ ಬಾರಿಸಿ ಕಥೆಯನ್ನು ಮುಂದಕ್ಕೆ ಒಯ್ಯಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ಆತನೇ. ಚೆಂಡೆ, ಮದ್ದಳೆಯವರು ಆತನ ಕಣ್ಸನ್ನೆಯನ್ನು ಗಮನಿಸುತ್ತಾರೆ. ವೇಷಧಾರಿಗಳ ಪೈಕಿ ಯಾರ ಶಕ್ತಿ ಎಲ್ಲಿದೆ, ಯಾರ ದೌರ್ಬಲ್ಯ ಎಲ್ಲಿದೆ ಎಂಬುದು ಆತನಿಗೆ ಗೊತ್ತಿರುತ್ತದೆ.

ಕಾಲ್ಚೆಂಡಿನ ತರಬೇತುದಾರ ಮೈದಾನದ ಗೆರೆಯ ಹೊರಗೆ ನಿಂತು ಆಟ ನಡೆಸಿದರೆ ಭಾಗವತ ರಂಗದ ಒಳಗೇ ಕುಳಿತು ಆಟ ನಡೆಸುತ್ತಾನೆ. ವ್ಯತ್ಯಾಸ ಇಷ್ಟೇ. ಆದ್ದರಿಂದ ಒಬ್ಬ ವೇಷಧಾರಿ ಮೇಳ ಬಿಟ್ಟರೆ ಒಂದು ಪಾತ್ರ ಬಡವಾಗುತ್ತದೆ; ಪ್ರಧಾನ ಭಾಗವತ ಬಿಟ್ಟರೆ ಇಡೀ ರಾತ್ರಿಯೇ ಬೇರೆಯಾಗುತ್ತದೆ. ಪ್ರೇಕ್ಷಕರ ಕಳವಳಕ್ಕೆ ಇದೇ ಮೂಲ.

ಪತ್ತನಾಜೆಯ ನಂತರ

ಯಕ್ಷಗಾನ ಮೇಳಗಳ ವರ್ಷ ನಮ್ಮ ಪಂಚಾಂಗದ ವರ್ಷಕ್ಕಿಂತ ಬೇರೆ. ದೀಪಾವಳಿ ಕಳೆದು ನವೆಂಬರ್ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ನಡುವಣ ಆರು ತಿಂಗಳು ರಾತ್ರಿಯೂ ಆಟ, ಹಗಲು ಪ್ರಯಾಣ. ಉಳಿದ ಆರು ತಿಂಗಳು ಮಳೆ.

ಈ ಮಳೆಗಾಲ ಕಲಾವಿದರಿಗೆ ಬಿಡುವಿನ ಕಾಲವೂ ಹೌದು, ಕಷ್ಟದ ಕಾಲವೂ ಹೌದು. ಕೆಲವರು ತಾಳಮದ್ದಳೆಗಳಲ್ಲಿ ಭಾಗವಹಿಸುತ್ತಾರೆ. ಕೆಲವರು ಮುಂಬಯಿಯಂಥ ದೂರದ ನಗರಗಳಿಗೆ ಪ್ರವಾಸ ಹೋಗುತ್ತಾರೆ. ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಹೊತ್ತು ಮನೆಮನೆಗೆ ತಿರುಗುತ್ತಾರೆ. ಮುಂದಿನ ತಿರುಗಾಟದ ಒಪ್ಪಂದಗಳು ಕುದುರುವುದು ಇದೇ ಅವಧಿಯಲ್ಲಿ. ಯಜಮಾನರು ಕಲಾವಿದರಿಗೆ ಮುಂಗಡ ಹಣ ಕೊಟ್ಟು ಮಾತು ಗಟ್ಟಿಮಾಡಿಕೊಳ್ಳುತ್ತಾರೆ. ಒಂದು ಮೇಳದಿಂದ ಇನ್ನೊಂದು ಮೇಳಕ್ಕೆ ಹೋಗುವವರು ಹೋಗುವುದೂ ಆಗಲೇ. ಯುರೋಪಿನ ಕಾಲ್ಚೆಂಡು ಕ್ಲಬ್ಬುಗಳಲ್ಲಿ ಬೇಸಿಗೆಯ ವರ್ಗಾವಣೆಯ ಅವಧಿ ಎಂದು ಯಾವುದನ್ನು ಕರೆಯುತ್ತಾರೋ ಅದು ತುಳುನಾಡಿನಲ್ಲಿ ಪತ್ತನಾಜೆಗೂ ದೀಪಾವಳಿಗೂ ನಡುವೆ ಬರುತ್ತದೆ.

ಪೈಪೋಟಿಯ ರಂಗಸ್ಥಳ

ಮೇಳಗಳ ನಡುವಿನ ಪೈಪೋಟಿ ಕೇವಲ ಮಾತಿನದ್ದಾಗಿರಲಿಲ್ಲ. ಅದನ್ನು ಕಣ್ಣಾರೆ ನೋಡಲು ಜೋಡಾಟ ಎಂಬ ಪದ್ಧತಿಯೇ ಇತ್ತು. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ, ಒಂದೇ ಸಮಯ. ಈ ಕಡೆಯ ಬಣ್ಣದ ವೇಷ ಕುಣಿಯುವಾಗ ಆ ಕಡೆಯದೂ ಕುಣಿಯುತ್ತದೆ. ಇಲ್ಲಿ ಭಾಗವತರು ಏರುಪದ ಎತ್ತಿದರೆ ಅಲ್ಲಿಯವರೂ ಬಿಡುವುದಿಲ್ಲ. ತೀರ್ಪುಗಾರರು ಬೇರೆ ಬೇಕಾಗಿರಲಿಲ್ಲ. ಪ್ರೇಕ್ಷಕರು ಯಾವ ರಂಗಸ್ಥಳದತ್ತ ಸರಿದರೋ ಆ ಮೇಳ ಗೆದ್ದಂತೆ. ಎರಡು ಮೇಳಗಳ ಕಲಾವಿದರು ಒಂದೇ ರಂಗದಲ್ಲಿ ಸೇರಿ ಆಡುವ ಕೂಡಾಟವೂ ಉಂಟು. ಜೋಡಾಟದ ಮರುದಿನದಿಂದ ಊರಿನ ಬೀಡಿ ಅಂಗಡಿ, ಹೋಟೆಲುಗಳಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಇಂದಿನ ಕಾಲ್ಚೆಂಡು ಅಭಿಮಾನಿಗಳ ಚರ್ಚೆಗೆ ಹೋಲಿಸಿದರೆ ತಪ್ಪಾಗದು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಪೈಪೋಟಿಗೆ ಹೊಸ ಕಾರಣವೊಂದು ಸೇರಿಕೊಂಡಿತು. ಅದು ಡೇರೆ ಮತ್ತು ಟಿಕೆಟ್ಟು. ಅಲ್ಲಿಯವರೆಗೆ ಬಯಲಾಟ ಎಂದರೆ ಬಯಲಿನಲ್ಲಿ ನಡೆಯುವ, ಎಲ್ಲರೂ ಪುಕ್ಕಟೆ ನೋಡುವ ಆಟ. ಹರಕೆ ಹೊತ್ತವರೋ ಊರಿನ ಹತ್ತು ಸಮಸ್ತರೋ ಅದರ ಖರ್ಚು ಹೊರುತ್ತಿದ್ದರು. ಡೇರೆ ಮೇಳಗಳು ಬಂದಮೇಲೆ ಆಟದ ಖರ್ಚು ಪ್ರತಿರಾತ್ರಿ ಟಿಕೆಟ್ಟಿನ ಗಲ್ಲದಿಂದ ಹುಟ್ಟಬೇಕಾಯಿತು.

ಹರಕೆಯ ಆಟ ನಡೆಯುವುದು ದೇವರ ಹೆಸರಿನಲ್ಲಿ. ಕಟೀಲಿನ ದುರ್ಗಾಪರಮೇಶ್ವರಿ ಮೇಳದ ಆಟವನ್ನು ಸೇವೆಯಾಗಿ ಆಡಿಸುವವರು ಭಾಗವತರು ಯಾರೆಂದು ನೋಡಿ ಹರಕೆ ಹೊರುವುದಿಲ್ಲ. ಸರದಿಗಾಗಿ ವರ್ಷಗಟ್ಟಲೆ ಕಾಯುವವರಿರುವುದರಿಂದಲೇ ಅಲ್ಲಿ ಮೇಳಗಳ ಸಂಖ್ಯೆ ಒಂದರಿಂದ ಬೆಳೆಯುತ್ತ ಹೋಯಿತು. ಡೇರೆಯ ಆಟ ನಡೆಯುವುದಾದರೋ ಕಲಾವಿದರ ಹೆಸರಿನಲ್ಲಿ. ಗೋಡೆಗೆ ಅಂಟಿಸಿದ ಕರಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡಿಯೇ ಜನ ಟಿಕೆಟ್ಟು ಕೊಳ್ಳುತ್ತಿದ್ದರು. ಹೀಗಾಗಿ ಒಳ್ಳೆಯ ಭಾಗವತ, ಹೆಸರಾಂತ ಮಾತುಗಾರ, ಜನಮೆಚ್ಚಿದ ಹಾಸ್ಯಗಾರರಿಗೆ ಬೇಡಿಕೆ ಏರಿತು. ಎದುರಾಳಿ ಮೇಳದಿಂದ ಕಲಾವಿದರನ್ನು ಸೆಳೆಯುವುದು ವ್ಯವಹಾರದ ಭಾಗವೇ ಆಯಿತು.

ಮಂಗಳೂರಿನ ಉತ್ತರದಲ್ಲಿರುವ ಸುರತ್ಕಲ್ಲಿನ ಮಹಮ್ಮಾಯಿ ಮೇಳ ಇಂಥ ಡೇರೆ ಮೇಳಗಳಲ್ಲಿ ಒಂದು. ಕಸ್ತೂರಿ ಪೈ ಸಹೋದರರು ಅದನ್ನು ನಡೆಸಿದರು. ಅಗರಿ ಶ್ರೀನಿವಾಸ ಭಾಗವತರು, ಅವರ ನಂತರ ಅವರ ಮಗ ಅಗರಿ ರಘುರಾಮ ಭಾಗವತರು ಅದರ ಹಾಡುಗಾರಿಕೆಗೆ ಹೆಸರು ತಂದರು. ಮಾತಿನ ಮೋಡಿಗೆ ಪ್ರಸಿದ್ಧರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಸುರತ್ಕಲ್ ಮೇಳವೂ ಸೇರಿದಂತೆ ಹಲವು ಮೇಳಗಳಲ್ಲಿ ದುಡಿದವರು. ಇನ್ನೊಂದೆಡೆ ಕಲ್ಲಾಡಿ ಮನೆತನದವರು ನಡೆಸಿದ ಕರ್ನಾಟಕ ಮೇಳ ತುಳು ಪ್ರಸಂಗಗಳಿಂದ ಜನಪ್ರಿಯವಾಯಿತು. ದಾಮೋದರ ಮಂಡೆಚ್ಚರು, ಅವರ ಬಳಿಕ ದಿನೇಶ ಅಮ್ಮಣ್ಣಾಯರು ಅದರ ಭಾಗವತರಾಗಿದ್ದರು. ಸುರತ್ಕಲ್ ಮೇಳದ ಅಭಿಮಾನಿಗಳು, ಕರ್ನಾಟಕ ಮೇಳದ ಅಭಿಮಾನಿಗಳು ಎಂಬ ವಿಂಗಡಣೆ ಒಂದೇ ಮನೆಯೊಳಗೂ ಇರುವುದು ಆಗ ಅಪರೂಪವಲ್ಲ.

ಒಬ್ಬರ ನಷ್ಟ, ಇನ್ನೊಬ್ಬರ ಲಾಭ

ನಮ್ಮ ಮೇಳ ಬಿಟ್ಟು ಹೋದರು ಎಂದು ಒಂದು ಕಡೆಯವರು ದುಃಖಿಸುವಾಗ ನಮ್ಮ ಮೇಳಕ್ಕೆ ಬಂದರು ಎಂದು ಇನ್ನೊಂದು ಕಡೆಯವರು ಸಂತೋಷಪಡುತ್ತಾರೆ. ಚರಿತ್ರೆಯನ್ನು ನೋಡುವಾಗ ಈ ಎರಡೂ ಕಡೆಗಳನ್ನು ಗಮನಿಸಬೇಕು. ಕಡತೋಕ ಮಂಜುನಾಥ ಭಾಗವತರು ಉತ್ತರ ಕನ್ನಡದವರು. ಬಡಗಿನ ಸೀಮೆಯಿಂದ ಬಂದು ತೆಂಕುತಿಟ್ಟಿನ ಧರ್ಮಸ್ಥಳ ಮೇಳಕ್ಕೆ ದಶಕಗಳ ಕಾಲ ಕಂಠವಾದರು. ಕಲಾವಿದರೆಲ್ಲರೂ ಹುಟ್ಟಿದ ಸೀಮೆಯಲ್ಲೇ ಉಳಿಯಬೇಕೆಂಬ ನಿಯಮವಿದ್ದಿದ್ದರೆ ತೆಂಕುತಿಟ್ಟಿಗೆ ಆ ಧ್ವನಿ ದೊರೆಯುತ್ತಿರಲಿಲ್ಲ.

ಹೋಗದೆ ಉಳಿದವರ ಉದಾಹರಣೆಯೂ ಇದೆ. ಬಲಿಪ ನಾರಾಯಣ ಭಾಗವತರು (1938-2023) ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದರು. ಅಜ್ಜನ ಹೆಸರನ್ನೂ ಅಜ್ಜನ ಹಾಡಿನ ಕ್ರಮವನ್ನೂ ಒಟ್ಟಿಗೆ ಪಡೆದವರು ಅವರು. ಬಲಿಪ ಶೈಲಿ ಎಂದೊಡನೆ ಕಟೀಲು ಮೇಳ ನೆನಪಾಗುವಷ್ಟು ಆ ಎರಡು ಹೆಸರುಗಳು ಬೆರೆತುಹೋದವು.

ಹಾಗಾದರೆ ಹೋದವರು ನಿಷ್ಠೆಯಿಲ್ಲದವರೇ? ಹಾಗೆ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ವರ್ಷದಲ್ಲಿ ಆರು ತಿಂಗಳ ದುಡಿಮೆ, ನಿದ್ದೆಗೆಟ್ಟ ರಾತ್ರಿಗಳು, ಗಂಟಲನ್ನೇ ನಂಬಿದ ಜೀವನ. ಗಂಟಲು ಕೆಟ್ಟರೆ ಮುಂದಿನ ವರ್ಷ ಕರೆಯುವವರಿಲ್ಲ. ಹೆಚ್ಚಿನ ಸಂಬಳ ಕೊಡುವ ಮೇಳಕ್ಕೆ ಹೋಗುವ ಸಾಧ್ಯತೆಯೊಂದೇ ಹಿಂದಿನ ಕಲಾವಿದನ ಕೈಯಲ್ಲಿದ್ದ ಬಲ. ಆ ಬಲವಿಲ್ಲದಿದ್ದರೆ ಸಂಬಳ ಏರಿಸಬೇಕಾದ ಒತ್ತಾಯ ಯಜಮಾನರಿಗೂ ಇರುತ್ತಿರಲಿಲ್ಲ. ಪ್ರೇಕ್ಷಕನ ಪ್ರೀತಿ ದೊಡ್ಡದು. ಆದರೆ ಮಳೆಗಾಲದಲ್ಲಿ ಅಕ್ಕಿ ತರುವುದು ಅದೊಂದರಿಂದ ಆಗುವುದಿಲ್ಲ.

ಹೊರಗಿನ ಎರಡು ದೃಷ್ಟಾಂತಗಳು

ಇದೇ ಪ್ರಶ್ನೆಯನ್ನು ಕಾಲ್ಚೆಂಡಿನ ಚರಿತ್ರೆಯಲ್ಲಿ ನೋಡೋಣ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ತಂಡ ಹರ್ಬರ್ಟ್ ಚಾಪ್‌ಮನ್ ಎಂಬ ವ್ಯವಸ್ಥಾಪಕನ ಕೈಕೆಳಗೆ 1924 ಮತ್ತು 1925ರಲ್ಲಿ ಸತತವಾಗಿ ಲೀಗ್ ಗೆದ್ದಿತು. 1925ರಲ್ಲಿ ಲಂಡನ್ನಿನ ಆರ್ಸೆನಲ್ ತಂಡ ಆತನನ್ನು ಸೆಳೆದುಕೊಂಡಿತು. ಹಡರ್ಸ್‌ಫೀಲ್ಡಿನ ಕತೆ ಮುಗಿಯಿತೇ? ಇಲ್ಲ. ಆತ ಹೋದ ಮರುವರ್ಷವೇ, 1926ರಲ್ಲಿ, ಅದು ಮೂರನೆಯ ಬಾರಿ ಲೀಗ್ ಗೆದ್ದಿತು. ಆತ ಕಟ್ಟಿಹೋದ ತಂಡ ಅಷ್ಟು ಗಟ್ಟಿಯಾಗಿತ್ತು. ಆದರೆ ಅಲ್ಲಿಂದ ಇಂದಿನವರೆಗೆ ಆ ತಂಡ ಮತ್ತೆ ಲೀಗ್ ಗೆದ್ದಿಲ್ಲ. ಇತ್ತ ಆರ್ಸೆನಲ್ 1931 ಮತ್ತು 1933ರಲ್ಲಿ ಗೆದ್ದಿತು. 1934ರ ಜನವರಿಯಲ್ಲಿ ಚಾಪ್‌ಮನ್ ತೀರಿಕೊಂಡರೂ ಆ ವರ್ಷವೂ ಮುಂದಿನ ವರ್ಷವೂ ಗೆಲುವು ಆರ್ಸೆನಲ್ಲಿನದೇ ಆಯಿತು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಳ್ಳೆಯ ನಾಯಕ ಹೋದೊಡನೆ ಮನೆ ಬೀಳುವುದಿಲ್ಲ. ಆತ ಹಾಕಿದ ಅಡಿಪಾಯ ಕೆಲವು ಕಾಲ ಹೊರುತ್ತದೆ. ಆ ಕಾಲದಲ್ಲಿ ಹೊಸ ಅಡಿಪಾಯ ಹಾಕದಿದ್ದರೆ ಮಾತ್ರ ಕುಸಿತ.

ನಮ್ಮ ರಾಜ್ಯದ ಕಾಲ್ಚೆಂಡಿಗೂ ಈ ಅನುಭವ ಹೊಸದಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ಬೆಂಗಳೂರಿನ ಉತ್ತಮ ಆಟಗಾರರನ್ನು ಸೆಳೆದುಕೊಂಡವು. ಈಸ್ಟ್ ಬೆಂಗಾಲ್ ತಂಡದಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ತರಬೇತುದಾರರ ವಿಷಯಕ್ಕೆ ಬಂದರೆ, 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಉತ್ತಮ ಉದಾಹರಣೆ. ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ತರಬೇತುದಾರ ಮೂರು ಋತುಗಳಲ್ಲಿ ಅದಕ್ಕೆ ಎರಡು ಬಾರಿ ಐ-ಲೀಗ್, ಒಂದು ಬಾರಿ ಫೆಡರೇಶನ್ ಕಪ್ ಗೆದ್ದುಕೊಟ್ಟು 2016ರಲ್ಲಿ ನಿರ್ಗಮಿಸಿದರು. ಮುಂದೆ ಕೋಲ್ಕತ್ತದ ಎಟಿಕೆ ತಂಡದ ಹೊಣೆಯನ್ನೂ ಹೊತ್ತರು. ಅವರ ಜಾಗಕ್ಕೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲಿಗೆ ಒಯ್ದರು. ಆ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ಬು ಅದು. 2018ರಲ್ಲಿ ರೋಕಾ ಹೋದಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ತರಬೇತುದಾರರಾಗಿ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದರು. ಅವರೂ 2021ರಲ್ಲಿ ಬಿಟ್ಟರು. 2023ರಲ್ಲಿ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಅದಕ್ಕೆ ಸೂಪರ್ ಕಪ್ ಗೆದ್ದುಕೊಟ್ಟರು. ಅಭಿಮಾನಿಯ ಭಯ ನಿರಾಧಾರವಲ್ಲ ಎಂಬುದಕ್ಕೂ, ಒಳಗೇ ತಯಾರಾದ ಉತ್ತರಾಧಿಕಾರಿ ಇದ್ದರೆ ತಂಡ ನಿಲ್ಲುತ್ತದೆ ಎಂಬುದಕ್ಕೂ ಒಂದೇ ಕ್ಲಬ್ಬು ಸಾಕ್ಷಿ.

ಮೇಳಗಳು ಏಕೆ ನಿಂತವು?

ಮತ್ತೆ ಕರಾವಳಿಗೆ ಬರೋಣ. ಸುರತ್ಕಲ್ ಮೇಳ ಇಂದು ತಿರುಗಾಟದಲ್ಲಿಲ್ಲ. ಕರ್ನಾಟಕ ಮೇಳವೂ ಇಲ್ಲ. ಒಬ್ಬ ಭಾಗವತನೋ ಒಬ್ಬ ವೇಷಧಾರಿಯೋ ಬಿಟ್ಟುಹೋದ ಕಾರಣದಿಂದ ಅವು ನಿಂತದ್ದಲ್ಲ. ಸಿನಿಮಾ, ವಿಡಿಯೊ, ಟಿ.ವಿ.ಗಳು ಮನೆಯ ಬಾಗಿಲಿಗೆ ಬಂದವು. ಡೇರೆ, ಲಾರಿ, ವಿದ್ಯುತ್ತು, ಸಂಬಳಗಳ ಖರ್ಚು ಏರಿತು. ರಾತ್ರಿಯಿಡೀ ಕುಳಿತು ಟಿಕೆಟ್ಟಿನ ಆಟ ನೋಡುವವರು ಕಡಿಮೆಯಾದರು. ಡೇರೆ ಮೇಳದ ನೆಲೆಯೇ ಸಡಿಲವಾಯಿತು. ತೆಂಕುತಿಟ್ಟಿನಲ್ಲಿ ಉಳಿದುಕೊಂಡವು ಬಹುಮಟ್ಟಿಗೆ ಕ್ಷೇತ್ರಗಳ ಹೆಸರಿನ ಹರಕೆ ಮೇಳಗಳು. ಬಡಗುತಿಟ್ಟಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆಯ ಪರಂಪರೆಯನ್ನು ಮುಂದುವರಿಸಿದವು.

ಸಾಲಿಗ್ರಾಮ ಮೇಳದ ವಿಷಯದಲ್ಲಿ ಒಂದು ದುರಂತವನ್ನು ಸ್ಮರಿಸಬೇಕು. ಬಡಗಿನ ಯುವ ಪ್ರೇಕ್ಷಕರನ್ನು ಹುಚ್ಚೆಬ್ಬಿಸಿದ ಭಾಗವತ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗಿನ್ನೂ ಎಳೆಯ ವಯಸ್ಸು. ಎದುರಾಳಿ ಮೇಳ ಸೆಳೆದುಕೊಂಡಿದ್ದರೆ ಇನ್ನೊಂದು ರಂಗಸ್ಥಳದಲ್ಲಾದರೂ ಕೇಳಬಹುದಿತ್ತು. ಇಲ್ಲಿ ಅದೂ ಉಳಿಯಲಿಲ್ಲ. ಅಭಿಮಾನಿಗಳಿಗೆ ಅದಕ್ಕಿಂತ ದೊಡ್ಡ ನಷ್ಟ ಉಂಟೇ? ಆದರೂ ದೀಪಾವಳಿ ಕಳೆದಾಗ ಮೇಳ ಹೊರಟಿತು. ಬೇರೆ ಭಾಗವತರು ಜಾಗಟೆ ಹಿಡಿದರು. ನಾವಡರ ಹಾಡಿನ ಧಾಟಿಯನ್ನು ಮುಂದಿನವರು ಅನುಸರಿಸಿದರು.

2019ರ ನಂತರ

ಇತ್ತೀಚಿನ ಒಂದು ಪ್ರಸಂಗವನ್ನು ನೋಡೋಣ. ಪಟ್ಲ ಸತೀಶ ಶೆಟ್ಟರು ಕಟೀಲು ಮೇಳದ ಭಾಗವತರಾಗಿ ಅಪಾರ ಜನಪ್ರಿಯತೆ ಗಳಿಸಿದ್ದರು. ಕಲಾವಿದರ ನೆರವಿಗೆಂದು 2015ರಲ್ಲಿ ಒಂದು ಪ್ರತಿಷ್ಠಾನವನ್ನೂ ಕಟ್ಟಿದ್ದರು. 2019ರ ನವೆಂಬರಿನಲ್ಲಿ ತಿರುಗಾಟದ ಆರಂಭದಲ್ಲೇ ಅವರು ಕಟೀಲಿನ ರಂಗಸ್ಥಳದಿಂದ ಹಿಂದಿರುಗಬೇಕಾಗಿ ಬಂದು, ಮೇಳದಿಂದ ದೂರವಾದರು. ಕರಾವಳಿಯಲ್ಲಿ ಅದು ದೊಡ್ಡ ಚರ್ಚೆಯಾಯಿತು. ಅದರ ಸರಿತಪ್ಪುಗಳ ತೀರ್ಮಾನ ಈ ಲೇಖನದ ಉದ್ದೇಶವಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ಮುಂದೆ ಏನಾಯಿತು ಎಂಬುದು. 2020ರಲ್ಲಿ ಹಳೆಯಂಗಡಿಯ ಬಳಿಯ ಪಾವಂಜೆಯ ಸುಬ್ರಹ್ಮಣ್ಯ ಕ್ಷೇತ್ರದ ಹೆಸರಿನಲ್ಲಿ ಹೊಸ ಮೇಳ ಹೊರಟಿತು; ಪಟ್ಲರು ಅದರ ಪ್ರಧಾನ ಭಾಗವತರಾದರು. ಕಟೀಲು ಮೇಳಗಳ ಸೇವೆಯಾಟಗಳೂ ಎಂದಿನಂತೆ ನಡೆದವು.

ಹರಕೆ ಮೇಳದಲ್ಲಿ ಭಾಗವತರ ಹೆಸರಿಗಿಂತ ದೇವರ ಹೆಸರು ಮೊದಲು ಎಂದೆವಷ್ಟೆ. ಆದರೂ ಈ ಪ್ರಕರಣ ಜನರನ್ನು ಅಷ್ಟು ಕಲಕಿದ್ದೇಕೆ? ಧ್ವನಿಮುದ್ರಿಕೆ, ಮೊಬೈಲು, ನೇರ ಪ್ರಸಾರಗಳು ಡೇರೆಯ ಕರಪತ್ರ ಮಾಡುತ್ತಿದ್ದ ಕೆಲಸವನ್ನು ಇನ್ನಷ್ಟು ಜೋರಾಗಿ ಮಾಡುತ್ತಿವೆ. ಮೇಳ ಬರುವ ಮೊದಲೇ ಭಾಗವತರ ಕಂಠ ಮನೆಗೆ ಬಂದಿರುತ್ತದೆ. ಡೇರೆ ಹೋಯಿತು, ಡೇರೆ ಹುಟ್ಟಿಸಿದ ಅಭಿಮಾನ ಹೋಗಲಿಲ್ಲ.

ನಿಜವಾಗಿ ಚಿಂತಿಸಬೇಕಾದದ್ದು

ಮೇಳವೊಂದರ ರಾತ್ರಿಯ ಕ್ರಮದಲ್ಲಿ ಒಂದು ಜಾಣ್ಮೆ ಅಡಗಿದೆ. ಆಟದ ಆರಂಭದ ಪೂರ್ವರಂಗವನ್ನು ಹಾಡುವವರು ಎಳೆಯ ಕಲಾವಿದರು. ಪ್ರಸಂಗದ ಮೊದಲ ಭಾಗಕ್ಕೆ ಎರಡನೆಯ ಭಾಗವತರು ಕೂರುತ್ತಾರೆ. ಪ್ರಧಾನ ಭಾಗವತರು ಬರುವುದು ರಾತ್ರಿ ಏರಿದ ಮೇಲೆ. ಅಂದರೆ ಪ್ರತಿರಾತ್ರಿಯೂ ನಾಳಿನ ಭಾಗವತ ಇಂದಿನ ಭಾಗವತನಿಗಿಂತ ಮೊದಲು ಹಾಡುತ್ತಾನೆ. ಪಾಠಶಾಲೆಯೇ ಇಲ್ಲದ ಕಾಲದಲ್ಲಿ ಇದೇ ಪಾಠಶಾಲೆ. 1970ರ ದಶಕದಲ್ಲಿ ಉಡುಪಿಯಲ್ಲಿ, ಧರ್ಮಸ್ಥಳದಲ್ಲಿ ಯಕ್ಷಗಾನ ಕಲಿಸುವ ಕೇಂದ್ರಗಳು ಆರಂಭವಾದ ಮೇಲೂ ರಂಗಸ್ಥಳದ ಈ ಪಾಠಕ್ಕೆ ಬದಲಿ ಸಿಕ್ಕಿಲ್ಲ. ಮೇಳಗಳು ನಾಯಕರನ್ನು ಕಳೆದುಕೊಂಡೂ ಉಳಿದಿರುವುದರ ಗುಟ್ಟು ಬಹುಶಃ ಇಲ್ಲಿದೆ.

ಈಗ ರಾತ್ರಿ ಚಿಕ್ಕದಾಗುತ್ತಿದೆ. ಧರ್ಮಸ್ಥಳ ಮೇಳ ಮೊದಲು, 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಯ ಆಟಕ್ಕೆ ಬಂದವು. ಕಾಲಮಿತಿಯ ಆಟವಾದರೆ ಮಧ್ಯರಾತ್ರಿಯ ಹೊತ್ತಿಗೆ ಮಂಗಳ ಹಾಡಬೇಕು. ಇದಕ್ಕೆ ಒಳ್ಳೆಯ ಕಾರಣಗಳಿವೆ. ಕಲಾವಿದರ ಆರೋಗ್ಯಕ್ಕೂ ಪ್ರೇಕ್ಷಕರ ಅನುಕೂಲಕ್ಕೂ ಇದು ಹಿತ. ಆದರೆ ಇದ್ದ ನಾಲ್ಕೈದು ಗಂಟೆಗಳನ್ನೆಲ್ಲ ಹೆಸರಾಂತ ಭಾಗವತರಿಗೇ ಕೊಡಬೇಕೆಂದು ನಾವು ಬಯಸಿದರೆ ಎಳೆಯರು ಹಾಡುವುದು ಯಾವಾಗ? ಎದುರಾಳಿ ಮೇಳ ಇಂದಿನ ಭಾಗವತನನ್ನು ಮಾತ್ರ ಸೆಳೆಯಬಲ್ಲುದು. ನಾಳಿನ ಭಾಗವತನನ್ನು ಕಳೆದುಕೊಳ್ಳುವುದಾದರೆ ಅದಕ್ಕೆ ಎದುರಾಳಿ ಬೇಕಾಗಿಲ್ಲ. ಆತ ಹಾಡುವಾಗ ನಾವು ಚಹಾದ ಅಂಗಡಿಯಲ್ಲಿ ನಿಂತಿದ್ದರೆ ಸಾಕು.

ಆದ್ದರಿಂದ, ಮಿತ್ರರೇ, ಮೆಚ್ಚಿನ ಭಾಗವತರು ಮೇಳ ಬಿಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಬೇಸರಪಡುವುದು ಸಹಜ. ಆ ಬೇಸರದಲ್ಲಿ ಪ್ರೀತಿ ಇದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದೇ ಮೇಳದಲ್ಲಿ ಸಂಜೆ ಮೊದಲಿಗೆ ಹಾಡುವ ಹುಡುಗನ ಹೆಸರು ನನಗೆ ಗೊತ್ತಿದೆಯೇ? ಮುಂದಿನ ಆಟಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕುಳಿತರೆ ಉತ್ತರ ಸಿಗುತ್ತದೆ.